ದುಡಿಯುವ ದೇಹದ ಲೆಕ್ಕವನ್ನೂ ಬರೆಯಬೇಕು

ದುಡಿಯುವ ದೇಹಕ್ಕೆ ರೋಗ ಬೇಗ ಅಂಟದು ಎಂಬುದು ನಮ್ಮ ಹಿರಿಯರ ಅನುಭವದ ಮಾತು. ಹೊಲದಲ್ಲಿ, ಮಗ್ಗದಲ್ಲಿ, ಗಾಣದಲ್ಲಿ ದುಡಿದ ಆ ತಲೆಮಾರಿಗೆ ದುಡಿಮೆಯೇ ವ್ಯಾಯಾಮವಾಗಿತ್ತು. ಸೂರ್ಯಾಸ್ತವೇ ದುಡಿಮೆಯ ಮಿತಿಯಾಗಿತ್ತು. ಇಂದು ನಮ್ಮ ಮಕ್ಕಳು ದುಡಿಯುವ ತಾಣಗಳೇ ಬೇರೆ. ಒಂದು ಮನೆಯ ಮಗಳು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿದ್ದಾಳೆ. ಇನ್ನೊಂದು ಮನೆಯ ಮಗ ಮೊಬೈಲ್ ಫೋನ್ ಜೋಡಿಸುವ ಘಟಕದಲ್ಲಿದ್ದಾನೆ. ಮತ್ತೊಬ್ಬ ಅಮೆರಿಕದ ಗಡಿಯಾರಕ್ಕೆ ತನ್ನ ನಿದ್ರೆಯನ್ನು ಒಪ್ಪಿಸಿ ಇರುಳೆಲ್ಲ ಕಂಪ್ಯೂಟರಿನ ಮುಂದೆ ಕುಳಿತಿದ್ದಾನೆ. ಅಲ್ಲಿ ದೀಪ ಆರುವುದಿಲ್ಲ, ಯಂತ್ರ ನಿಲ್ಲುವುದಿಲ್ಲ. ದುಡಿಮೆಗೆ ಮಿತಿ ಹಾಕುವ ಕೆಲಸವನ್ನು ಸೂರ್ಯನು ಬಿಟ್ಟ ಮೇಲೆ ಅದನ್ನು ಹಾಕಬೇಕಾದವರು ಯಾರು? ಇದು ಆರೋಗ್ಯದ ಪ್ರಶ್ನೆಯೂ ಹೌದು, ಧರ್ಮದ ಪ್ರಶ್ನೆಯೂ ಹೌದು.

ಹಲವು ದೇಶಗಳಲ್ಲಿ ವ್ಯವಹಾರ ನಡೆಸುವ ದೊಡ್ಡ ಕಂಪನಿಗಳು ಈಚಿನ ವರ್ಷಗಳಲ್ಲಿ ಮೂರು ಮಾತುಗಳನ್ನು ಮೇಲಿಂದ ಮೇಲೆ ಆಡುತ್ತಿವೆ: ಸುಸ್ಥಿರತೆ, ಉದ್ಯೋಗಿಗಳ ಕ್ಷೇಮ, ನೈತಿಕ ನಡೆ. ಭೂಮಿಯನ್ನು ಬರಿದು ಮಾಡದೆ ವ್ಯಾಪಾರ ನಡೆಸುವುದು ಮೊದಲನೆಯದು. ದುಡಿಯುವವರ ದೇಹ ಮತ್ತು ಮನಸ್ಸುಗಳನ್ನು ಕಾಪಾಡುವುದು ಎರಡನೆಯದು. ಯಾರನ್ನೂ ವಂಚಿಸದೆ ಲಾಭ ಗಳಿಸುವುದು ಮೂರನೆಯದು. ನಮ್ಮ ದೇಶದಲ್ಲಿ ಈ ಮಾತುಗಳಿಗೆ ನಿಯಮದ ಬಲವೂ ಬಂದಿದೆ. ಷೇರುಪೇಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿಯು 2021ರಲ್ಲಿ ಹೊರಡಿಸಿದ ನಿಯಮದಂತೆ, ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಸ್ಥಾನಗಳಲ್ಲಿರುವ ಕಂಪನಿಗಳು 2022-23ನೇ ಸಾಲಿನಿಂದ ಪ್ರತಿವರ್ಷವೂ ತಮ್ಮ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿಯನ್ನು ಪ್ರಕಟಿಸಬೇಕು. ನೀರು, ವಿದ್ಯುತ್ತು, ಹೊಗೆ, ತ್ಯಾಜ್ಯಗಳ ಲೆಕ್ಕದೊಡನೆ ನೌಕರರ ವಿಮೆ, ಹೆರಿಗೆ ಸೌಲಭ್ಯ, ಅಪಘಾತ, ಕನಿಷ್ಠ ವೇತನಗಳ ಲೆಕ್ಕವೂ ಅದರಲ್ಲಿರಬೇಕು.

ಇದು ಸ್ವಾಗತಾರ್ಹವಾದುದೇ. ಆದರೆ ವರದಿಯ ಪುಟಕ್ಕೂ ಕಾರ್ಖಾನೆಯ ಪಾಳಿಗೂ ನಡುವೆ ಎಷ್ಟು ಅಂತರವಿರಬಲ್ಲದು ಎಂಬುದನ್ನು ನಮ್ಮ ನಾಡಿನಲ್ಲಿಯೇ ನಡೆದ ಒಂದು ಘಟನೆ ತೋರಿಸಿಕೊಟ್ಟಿದೆ.

2020ರ ಜುಲೈ ತಿಂಗಳಲ್ಲಿ ಅಮೆರಿಕದ ಆ್ಯಪಲ್ ಕಂಪನಿಯು ಒಂದು ದೊಡ್ಡ ಸಂಕಲ್ಪವನ್ನು ಪ್ರಕಟಿಸಿತು. ತನ್ನ ಉತ್ಪನ್ನಗಳಿಂದಲೂ ಅವನ್ನು ತಯಾರಿಸಿಕೊಡುವ ಕಾರ್ಖಾನೆಗಳ ಸರಪಳಿಯಿಂದಲೂ 2030ರ ಹೊತ್ತಿಗೆ ವಾತಾವರಣಕ್ಕೆ ಇಂಗಾಲದ ಹೊರೆ ಉಳಿಯದಂತೆ ಮಾಡುವುದಾಗಿ ಅದು ಹೇಳಿತು. ಅದೇ ವರ್ಷದ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದಲ್ಲಿ, ಆ ಕಂಪನಿಗೆ ಐಫೋನ್‌ಗಳನ್ನು ಜೋಡಿಸಿಕೊಡುತ್ತಿದ್ದ ತೈವಾನ್ ಮೂಲದ ವಿಸ್ಟ್ರಾನ್ ಕಾರ್ಖಾನೆಯಲ್ಲಿ, ಸಂಬಳದ ವಿಷಯವಾಗಿ ರೊಚ್ಚಿಗೆದ್ದ ಕಾರ್ಮಿಕರು ಗಾಜು, ಪೀಠೋಪಕರಣ, ವಾಹನಗಳನ್ನು ಧ್ವಂಸಗೊಳಿಸಿದರು. ನೂರಕ್ಕೂ ಹೆಚ್ಚು ಮಂದಿಯ ಬಂಧನವಾಯಿತು. ಹಿಂಸೆಯನ್ನು ನಾವು ಯಾವ ಕಾರಣಕ್ಕೂ ಒಪ್ಪಲಾರೆವು. ಆದರೆ ಸಿಟ್ಟು ಅಷ್ಟು ಎತ್ತರಕ್ಕೆ ಏರುವವರೆಗೆ ಅಳಲನ್ನು ಯಾರೂ ಏಕೆ ಕೇಳಿಸಿಕೊಳ್ಳಲಿಲ್ಲ ಎಂಬುದನ್ನು ವಿಚಾರಿಸದೆ ಬಿಡಲೂ ಆಗದು.

ಒಂದು ವಾರದ ಬಳಿಕ ಆ್ಯಪಲ್ ಕಂಪನಿಯೇ ತನ್ನ ಪ್ರಾಥಮಿಕ ಪರಿಶೀಲನೆಯ ಫಲವನ್ನು ಹೊರಗಿಟ್ಟಿತು. ಕೆಲಸದ ಅವಧಿಯನ್ನು ಸರಿಯಾಗಿ ನಿರ್ವಹಿಸುವ ವ್ಯವಸ್ಥೆ ಆ ಕಾರ್ಖಾನೆಯಲ್ಲಿರಲಿಲ್ಲ. ಅದರಿಂದಾಗಿ ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಲ್ಲಿ ಕೆಲವರಿಗೆ ಸಂಬಳ ತಡವಾಯಿತು. ಇದು ಪೂರೈಕೆದಾರರು ಪಾಲಿಸಬೇಕಾದ ನೀತಿಸಂಹಿತೆಯ ಉಲ್ಲಂಘನೆ ಎಂದು ಅದು ಒಪ್ಪಿಕೊಂಡಿತು. ತಪ್ಪು ಸರಿಯಾಗುವವರೆಗೆ ಹೊಸ ಕೆಲಸ ಕೊಡುವುದಿಲ್ಲವೆಂದೂ ತಿಳಿಸಿತು. ವಿಸ್ಟ್ರಾನ್ ತನ್ನ ಕಾರ್ಮಿಕರ ಕ್ಷಮೆ ಕೇಳಿ, ಭಾರತದ ವ್ಯವಹಾರವನ್ನು ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ಆ ಸ್ಥಾನದಿಂದ ತೆಗೆಯಿತು.

ತಪ್ಪನ್ನು ಒಪ್ಪಿ ತಿದ್ದಿಕೊಳ್ಳಲು ಮುಂದಾದದ್ದು ಮೆಚ್ಚತಕ್ಕ ನಡೆ. ಆದರೆ ನೀತಿಸಂಹಿತೆ ಅದಕ್ಕೂ ಮೊದಲೇ ಇತ್ತು. ಪರಿಶೀಲಿಸುವ ಪದ್ಧತಿಯೂ ಇತ್ತು. ಕೊರತೆ ಇದ್ದದ್ದು ಬೇರೆಡೆ. ಅಲ್ಲಿನ ಕಾರ್ಮಿಕರಲ್ಲಿ ಬಹುಪಾಲು ಮಂದಿ ಗುತ್ತಿಗೆ ಸಂಸ್ಥೆಗಳ ಮೂಲಕ ಬಂದವರು. ಇಂಥ ಏರ್ಪಾಡಿನಲ್ಲಿ ಹಾಜರಾತಿಯ ಲೆಕ್ಕ ತಪ್ಪಿದರೆ ಕಾರ್ಖಾನೆಯವರು ಗುತ್ತಿಗೆದಾರನ ಕಡೆಗೂ, ಗುತ್ತಿಗೆದಾರ ಕಾರ್ಖಾನೆಯ ಕಡೆಗೂ ಬೆರಳು ತೋರಿಸುವುದು ಸುಲಭ. ಫೋನಿನ ಮೇಲೆ ಹೆಸರಿರುವ ಕಂಪನಿಯಂತೂ ಕಡಲಾಚೆ ಇದೆ. ಇಂಗಾಲದ ಕಣವನ್ನು ಅಳೆಯುವಷ್ಟು ಸೂಕ್ಷ್ಮವಾದ ಲೆಕ್ಕಕ್ಕೆ ಒಬ್ಬ ಹುಡುಗ ಎಷ್ಟು ಗಂಟೆ ನಿಂತು ದುಡಿದ ಎಂಬ ಸಾಮಾನ್ಯ ಲೆಕ್ಕ ಸಿಗದೆ ಹೋದರೆ, ಆ ಸುಸ್ಥಿರತೆಯಲ್ಲಿ ಏನೋ ದೊಡ್ಡದು ಬಿಟ್ಟುಹೋಗಿದೆ ಎಂದೇ ಅರ್ಥ.

ಆರೋಗ್ಯದ ಪುಟದಲ್ಲಿ ಸಂಬಳದ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಬಾಡಿಗೆ ಕೋಣೆಯಲ್ಲಿ ನಾಲ್ವರೊಡನೆ ಇರುವ ತರುಣನಿಗೆ ಸಂಬಳ ತಡವಾದರೆ ಮೊದಲು ಕಡಿಮೆಯಾಗುವುದು ಊಟ. ಊರಿನಲ್ಲಿ ಮಧುಮೇಹದ ಮಾತ್ರೆ ನುಂಗುವ ತಾಯಿಯಿದ್ದರೆ ಆ ತಿಂಗಳು ಮಾತ್ರೆಯೂ ನಿಲ್ಲುತ್ತದೆ. ಕೈಸಾಲದ ಚಿಂತೆ ನಿದ್ರೆಯನ್ನು ಕೆಡಿಸುತ್ತದೆ. ನಿದ್ರೆ ಕೆಟ್ಟವನು ಯಂತ್ರದ ಮುಂದೆ ಎಚ್ಚರ ತಪ್ಪುತ್ತಾನೆ. ಸಕಾಲದಲ್ಲಿ ಕೈಸೇರಿದ ಸಂಬಳ ಯಾವ ಟಾನಿಕ್ಕಿಗೂ ಕಡಿಮೆಯಿಲ್ಲದ ಔಷಧ.

ಇನ್ನು ಕೆಲಸದ ಅವಧಿಯ ವಿಷಯ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಜೊತೆಗೂಡಿ ನಡೆಸಿ 2021ರ ಮೇ ತಿಂಗಳಲ್ಲಿ ಪ್ರಕಟಿಸಿದ ಅಧ್ಯಯನವನ್ನು ಪ್ರತಿಯೊಬ್ಬ ಉದ್ಯಮಿಯೂ ಓದಬೇಕು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ, 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯು ಬಡಿಯುವ ಅಪಾಯ ಶೇ. 35ರಷ್ಟು ಹೆಚ್ಚು, ಹೃದಯದ ರಕ್ತನಾಳಗಳ ಕಾಯಿಲೆಯಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು. 2016ನೇ ಇಸವಿಯೊಂದರಲ್ಲಿಯೇ ದೀರ್ಘಾವಧಿ ದುಡಿಮೆಯಿಂದಾಗಿ ಈ ಎರಡು ಕಾಯಿಲೆಗಳಿಗೆ ಬಲಿಯಾದವರು 7,45,000 ಮಂದಿ ಎಂದು ಆ ಅಧ್ಯಯನ ಅಂದಾಜು ಮಾಡಿದೆ. ಒತ್ತಡ ಬಿಡುವಿಲ್ಲದೆ ಮುಂದುವರಿದಾಗ ರಕ್ತದೊತ್ತಡ ಏರುತ್ತದೆ. ಬಿಡುವಿಲ್ಲದವನು ವ್ಯಾಯಾಮ ಬಿಡುತ್ತಾನೆ, ಹೊತ್ತಲ್ಲದ ಹೊತ್ತಿನಲ್ಲಿ ಉಣ್ಣುತ್ತಾನೆ, ಬೀಡಿ ಸಿಗರೇಟುಗಳ ಆಸರೆ ಹಿಡಿಯುತ್ತಾನೆ. ಈ ಸಾವುಗಳಲ್ಲಿ ಹೆಚ್ಚಿನವು ಅರವತ್ತು ದಾಟಿದ ಬಳಿಕ ಸಂಭವಿಸಿದವು. ಅಂದರೆ ಕಂಪನಿಗೆ ದುಡಿದುಕೊಟ್ಟ ದಿನಗಳ ಸಾಲವನ್ನು ದೇಹವು ನಿವೃತ್ತಿಯ ನಂತರ ತೀರಿಸುತ್ತದೆ. ಆಗ ಕಂಪನಿಯ ಲೆಕ್ಕದ ಪುಸ್ತಕದಲ್ಲಿ ಆತನ ಹೆಸರೂ ಇರುವುದಿಲ್ಲ.

ಇಲ್ಲಿ ಓದುಗರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಆ್ಯಪಲ್‌ನ ಸಂಹಿತೆಯೂ ಸೇರಿದಂತೆ ಅನೇಕ ಜಾಗತಿಕ ಕಂಪನಿಗಳ ಸಂಹಿತೆಗಳು ಹೆಚ್ಚುವರಿ ದುಡಿಮೆಯನ್ನೂ ಸೇರಿಸಿ ವಾರಕ್ಕೆ 60 ಗಂಟೆಗಳ ಮಿತಿಯನ್ನು, ಏಳು ದಿನಗಳಿಗೊಂದು ರಜೆಯನ್ನು ವಿಧಿಸುತ್ತವೆ. ಹಾಗಾದರೆ ಸಂಹಿತೆಯನ್ನು ಅಕ್ಷರಶಃ ಪಾಲಿಸಿದ ಕಾರ್ಖಾನೆಯಲ್ಲಿಯೂ ಒಬ್ಬನು 55 ಗಂಟೆಯ ಅಪಾಯದ ಗೆರೆಯನ್ನು ವರ್ಷವಿಡೀ ದಾಟುತ್ತಿರಬಹುದು! 1919ರಲ್ಲಿಯೇ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಮೊಟ್ಟಮೊದಲ ಒಪ್ಪಂದವು ಕಾರ್ಖಾನೆಯ ದುಡಿಮೆಗೆ ದಿನಕ್ಕೆ 8, ವಾರಕ್ಕೆ 48 ಗಂಟೆಗಳ ಮಿತಿ ಹಾಕಿತ್ತು. ನಮ್ಮ 1948ರ ಕಾರ್ಖಾನೆ ಕಾಯ್ದೆಯೂ ವಾರಕ್ಕೆ 48 ಗಂಟೆಗಳನ್ನೇ ಹೇಳಿತು. ಹೆಚ್ಚುವರಿ ದುಡಿಮೆಗೆ ಎರಡು ಪಟ್ಟು ಕೂಲಿ ಕೊಡಬೇಕೆಂದಿತು. ನೂರು ವರ್ಷಗಳ ಹಿಂದಿನ ವಿವೇಕಕ್ಕಿಂತ ಇಂದಿನ ಸಂಹಿತೆ ಸಡಿಲವಾಗಿರಬೇಕೇ? ಅತಿದುಡಿಮೆಯಿಂದ ಸಂಭವಿಸುವ ಸಾವಿಗೆ ಜಪಾನಿನವರು ‘ಕರೋಶಿ’ ಎಂಬ ಹೆಸರನ್ನೇ ಇಟ್ಟಿದ್ದಾರೆ. ಅದನ್ನು ತಡೆಯಲೆಂದೇ ಆ ದೇಶ 2014ರಲ್ಲಿ ಕಾನೂನು ಮಾಡಬೇಕಾಯಿತು. ಅಂಥದೊಂದು ಪದ ಕನ್ನಡದಲ್ಲಿ ಹುಟ್ಟುವ ಮೊದಲೇ ನಾವು ಎಚ್ಚೆತ್ತುಕೊಳ್ಳುವುದು ಲೇಸು.

ರಾತ್ರಿಪಾಳಿಯನ್ನೂ ಇಲ್ಲಿಯೇ ನೆನೆಯಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2007ರಲ್ಲಿಯೂ ಮತ್ತೆ 2019ರಲ್ಲಿಯೂ ಅದನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ವರ್ಗದಲ್ಲಿ ಇರಿಸಿದೆ. ಆಸ್ಪತ್ರೆ, ವಿದ್ಯುತ್ತು, ಸಾರಿಗೆಗಳಿಗೆ ರಾತ್ರಿಪಾಳಿ ಅನಿವಾರ್ಯ. ಆದರೆ ಅನಿವಾರ್ಯವಲ್ಲದ ಕಡೆ ಅದನ್ನು ಕಡಿಮೆ ಮಾಡುವುದು ವಿವೇಕ. ಉತ್ಪಾದನೆಯ ಗುರಿ ತಪ್ಪೀತೆಂದು ಶೌಚಾಲಯಕ್ಕೆ ಹೋಗಲು ಹಿಂಜರಿದು, ಅದಕ್ಕಾಗಿಯೇ ನೀರು ಕುಡಿಯುವುದನ್ನು ಬಿಡುವ ಹೆಣ್ಣುಮಕ್ಕಳ ಕಷ್ಟವಂತೂ ಯಾವ ವರದಿಯಲ್ಲಿಯೂ ಕಾಣಿಸದು. ಮೂತ್ರನಾಳದ ಸೋಂಕು ಅವರ ಮೈಯಲ್ಲಿ ಮತ್ತೆ ಮತ್ತೆ ಬರೆಯುವ ವರದಿ ಬೇರೆಯೇ ಇದೆ.

ಕಂಪನಿಗಳು ಯೋಗಶಿಬಿರ, ಧ್ಯಾನದ ತರಗತಿ, ಆಪ್ತಸಮಾಲೋಚನೆಗಳನ್ನು ಏರ್ಪಡಿಸುತ್ತಿರುವುದನ್ನು ನಾವು ಬಲ್ಲೆವು. ಅವುಗಳಿಂದ ಪ್ರಯೋಜನವಿದೆ. ಆದರೆ ಹನ್ನೆರಡು ಗಂಟೆ ದುಡಿಸಿ ಅರ್ಧ ಗಂಟೆ ಧ್ಯಾನ ಮಾಡಿಸುವುದು, ತೂತುಬಿದ್ದ ಕೊಡಕ್ಕೆ ನೀರು ಹೊಯ್ದಂತೆ. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ನೀಡಿದ ಮಾರ್ಗಸೂಚಿಯು ನೌಕರರ ಮನಸ್ಸನ್ನು ಗಟ್ಟಿಗೊಳಿಸುವುದರ ಜೊತೆಗೆ ಕೆಲಸದ ಹೊರೆ ಮತ್ತು ರೀತಿಗಳನ್ನು ಸರಿಪಡಿಸಲು, ಮೇಲಧಿಕಾರಿಗಳಿಗೆ ತರಬೇತಿ ಕೊಡಲು ಹೇಳುತ್ತದೆ. ದಣಿದವನಿಗೆ ಸಹನೆಯನ್ನು ಬೋಧಿಸುವುದಕ್ಕಿಂತ ದಣಿಸುವ ಕಾರಣವನ್ನು ತೆಗೆಯುವುದು ಮೇಲಾದ ಚಿಕಿತ್ಸೆ.

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ನಿಯಮ ಬಿಗಿಯಾದರೆ ಕೆಲಸ ಬೇರೆ ದೇಶಕ್ಕೆ ಹೋದೀತು ಎಂಬುದು ಒಂದು. ಈ ಭಯ ಸುಳ್ಳಲ್ಲ. ಉದ್ಯೋಗವಿಲ್ಲದ ಮನೆಯಲ್ಲಿಯೂ ಆರೋಗ್ಯವಿರದು. ಆದರೆ ನರಸಾಪುರದಲ್ಲಿ ಕಾರ್ಖಾನೆಯ ಬಾಗಿಲು ವಾರಗಟ್ಟಲೆ ಮುಚ್ಚಿದ್ದು ನಿಯಮ ಪಾಲಿಸಿದ್ದರಿಂದಲ್ಲ, ಪಾಲಿಸದೆ ಹೋದದ್ದರಿಂದ. ದುಡಿಮೆಯೇ ದೇವರಾಗಿರುವಾಗ ಗಂಟೆಯ ಲೆಕ್ಕವೇಕೆ ಎಂಬುದು ಎರಡನೆಯ ಆಕ್ಷೇಪ. ಇದನ್ನು ಆಡುವವರು ಕಾಯಕದ ಅರ್ಥವನ್ನು ಅರ್ಧ ಮಾತ್ರ ಹಿಡಿದಿದ್ದಾರೆ. ಶರಣರು ಕಾಯಕವನ್ನು ಎತ್ತಿಹಿಡಿದದ್ದು ದುಡಿಯುವವನ ಘನತೆಗಾಗಿ. ದುಡಿಸುವವನ ಆಸೆಗಾಗಿ ಅಲ್ಲ. ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದ ಪತಿಗೆ ಅದನ್ನು ಮರಳಿ ಸುರಿದು ಬರುವಂತೆ ಹೇಳಿದ ಆಯ್ದಕ್ಕಿ ಲಕ್ಕಮ್ಮನ ಕಥೆ ನಮಗೆಲ್ಲ ಗೊತ್ತಿದೆ. ಕಾಯಕದ ಒಳಗೇ ಮಿತಿಯಿದೆ, ದಾಸೋಹದ ಹಂಚಿಕೆಯಿದೆ. ಕಾಯ ಉಳಿದರೆ ತಾನೇ ಕಾಯಕ ಉಳಿದೀತು?

ಆದುದರಿಂದ ಸದ್ಭಕ್ತರಲ್ಲಿ ನಮ್ಮ ಕೆಲವು ವಿನಂತಿಗಳಿವೆ. ಮಕ್ಕಳು ದೂರವಾಣಿ ಮಾಡಿದಾಗ ಸಂಬಳ ಎಷ್ಟಾಯಿತೆಂದು ಕೇಳುವ ತಂದೆತಾಯಿಗಳು, ಎಷ್ಟು ಗಂಟೆ ಮಲಗಿದೆಯೆಂದೂ ಕೇಳಲಿ. ಪಾಳಿಯಲ್ಲಿ ದುಡಿಯುವವರು ತಮ್ಮ ಗಂಟೆಗಳನ್ನು ಒಂದು ಚಿಕ್ಕ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಲಿ. ಸಂಬಳದ ಚೀಟಿ, ಇ.ಎಸ್.ಐ. ಮತ್ತು ಭವಿಷ್ಯನಿಧಿಯ ಸಂಖ್ಯೆಗಳನ್ನು ಕೇಳಿ ಪಡೆಯಲಿ. ಮೂವತ್ತು ದಾಟಿದವರು ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡ, ಸಕ್ಕರೆಗಳ ಪರೀಕ್ಷೆ ಮಾಡಿಸಿಕೊಳ್ಳಲಿ. ಎದೆ ಹಿಂಡಿದಂತಾದರೆ, ಮುಖ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಪಾಳಿ ಮುಗಿಯಲೆಂದು ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಕಂಪನಿಗಳಲ್ಲಿ ಅಧಿಕಾರಿಗಳಾಗಿರುವ ಭಕ್ತರು ತಮ್ಮ ಕೈಕೆಳಗಿನ ಕಟ್ಟಕಡೆಯ ಗುತ್ತಿಗೆ ನೌಕರನ ಹಾಜರಾತಿ ಮತ್ತು ಸಂಬಳವನ್ನು ತಿಂಗಳಿಗೊಮ್ಮೆ ಸ್ವತಃ ನೋಡಲಿ. ಷೇರು ಕೊಳ್ಳುವವರು ಲಾಭಾಂಶದ ಪುಟದೊಡನೆ ಸುಸ್ಥಿರತೆಯ ವರದಿಯ ಪುಟವನ್ನೂ ತೆರೆಯಲಿ.

ಈ ಮಾತು ಕಡಲಾಚೆಯ ಕಂಪನಿಗಳಿಗೆ ಮಾತ್ರವೆಂದು ಯಾರೂ ಭಾವಿಸಬಾರದು. ನಮ್ಮಲ್ಲಿ ಅನೇಕರು ಅಂಗಡಿ, ಖಾನಾವಳಿ, ಗಿರಣಿಗಳ ಮಾಲೀಕರು. ಮಠಮಾನ್ಯಗಳು ನಡೆಸುವ ಶಾಲೆ, ಕಾಲೇಜು, ಆಸ್ಪತ್ರೆಗಳಲ್ಲಿಯೂ ಅಡುಗೆಯವರು, ಕಾವಲುಗಾರರು, ಸ್ವಚ್ಛತಾ ಕೆಲಸದವರು ದುಡಿಯುತ್ತಾರೆ. ಅವರಿಗೆ ವಾರದ ರಜೆ ಸಿಗುತ್ತಿದೆಯೇ, ಸಂಬಳ ಹೊತ್ತಿಗೆ ಸರಿಯಾಗಿ ಕೈಸೇರುತ್ತಿದೆಯೇ ಎಂದು ಈ ತಿಂಗಳೇ ನಮ್ಮ ನಮ್ಮ ಅಂಗಳದಲ್ಲಿ ವಿಚಾರಿಸಿಕೊಳ್ಳೋಣ. ನಮ್ಮ ಮನೆಯ ಲೆಕ್ಕ ಶುದ್ಧವಾಗಿದ್ದರೆ, ದೊಡ್ಡವರ ಲೆಕ್ಕವನ್ನು ಕೇಳುವ ನಮ್ಮ ದನಿಗೂ ಬಲ ಬರುತ್ತದೆ.