ಬಳಸಿದ ಐಷಾರಾಮಿ ಕಾರು: ಡೀಸೆಲ್‌ನ ಉಳಿತಾಯ ಯಾರಿಗೆ?

ಗೊರೇಬಾಳ, ಸಿಂಧನೂರು, ಮಸ್ಕಿ ಭಾಗದ ವಾಣಿಜ್ಯಕ್ಕೆ ಭತ್ತವೇ ಜೀವಾಳ. ಸುಗ್ಗಿಯ ಹಣ ಕೈಸೇರಿದಾಗ ಅಕ್ಕಿ ಗಿರಣಿ ಮಾಲೀಕರು, ದಲ್ಲಾಳಿ ವರ್ತಕರು ಬಳಸಿದ ಐಷಾರಾಮಿ ಕಾರಿನತ್ತ ದೃಷ್ಟಿ ಹಾಯಿಸುವುದು ಸಹಜ. ಆದರೆ 'ಡೀಸೆಲ್ ಎಂದರೆ ಉಳಿತಾಯ' ಎಂಬ, ಲಾರಿ-ಟ್ರ್ಯಾಕ್ಟರ್‌ಗಳ ಅನುಭವದಿಂದ ಬಂದ ನಂಬಿಕೆಯನ್ನು ಈ ಖರೀದಿಗೂ ಅನ್ವಯಿಸುವುದು ಸೂಕ್ತವೇ ಎಂಬುದು ವಿಚಾರಾರ್ಹ.

ಕೇಂದ್ರ ಸರ್ಕಾರವು 2010ರ ಜೂನ್‌ನಲ್ಲಿ ಪೆಟ್ರೋಲ್ ಬೆಲೆಯನ್ನೂ 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ಬೆಲೆಯನ್ನೂ ನಿಯಂತ್ರಣಮುಕ್ತಗೊಳಿಸಿತು. ಅದರೊಂದಿಗೆ ಡೀಸೆಲ್‌ನ ಹಿಂದಿನ ಅಗ್ಗತನ ಕರಗಿತು. 2025ರ ಏಪ್ರಿಲ್‌ನಲ್ಲಿ ಕರ್ನಾಟಕವು ಡೀಸೆಲ್ ಮಾರಾಟ ತೆರಿಗೆಯನ್ನು ಶೇ. 21.17ಕ್ಕೆ ಏರಿಸಿದಾಗ ಬೆಂಗಳೂರಿನಲ್ಲಿ ಲೀಟರ್ ಡೀಸೆಲ್‌ಗೆ ಸುಮಾರು 91 ರೂ., ಪೆಟ್ರೋಲ್‌ಗೆ ಸುಮಾರು 103 ರೂ. ಇತ್ತು.

ಈ ದರದಲ್ಲಿ ಒಂದು ಲೆಕ್ಕ ಹಾಕಬಹುದು. ಪೆಟ್ರೋಲ್ ಕಾರು ಲೀಟರಿಗೆ 10 ಕಿ.ಮೀ., ಡೀಸೆಲ್ ಕಾರು 14 ಕಿ.ಮೀ. ಓಡುವುದೆಂದು ಭಾವಿಸಿದರೆ, ಕಿಲೋಮೀಟರಿಗೆ ಕ್ರಮವಾಗಿ 10.30 ರೂ. ಹಾಗೂ 6.50 ರೂ. ತಗಲುತ್ತದೆ, ಉಳಿತಾಯ 3.80 ರೂ. ಡೀಸೆಲ್ ಕಾರಿಗೆ 2 ಲಕ್ಷ ರೂ. ಹೆಚ್ಚು ತೆತ್ತಿದ್ದರೆ ಅದು ಹಿಂದಿರುಗಲು ಸುಮಾರು 52,600 ಕಿ.ಮೀ. ಓಡಬೇಕು. ವರ್ಷಕ್ಕೆ 25,000 ಕಿ.ಮೀ. ಓಡಿಸುವವರಿಗೆ ಎರಡು ವರ್ಷ ಸಾಕು, 8,000 ಕಿ.ಮೀ. ಓಡಿಸುವವರಿಗೆ ಆರೂವರೆ ವರ್ಷ ಬೇಕು. ಆ 2 ಲಕ್ಷಕ್ಕೆ ಶೇ. 10ರ ಬಡ್ಡಿ ಹಿಡಿದರೆ ವಾರ್ಷಿಕ 30,400 ರೂ. ಉಳಿತಾಯದಲ್ಲಿ 20,000 ರೂ. ಅಲ್ಲಿಯೇ ಮುಗಿಯಿತು.

ಇಂಧನದ ಲೆಕ್ಕ ಇಷ್ಟಾದರೆ ದುರಸ್ತಿಯ ಲೆಕ್ಕ ಬೇರೆಯೇ ಇದೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ಮಾನದಂಡದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ಹಿಡಿಯುವ ಫಿಲ್ಟರ್ ಇರುತ್ತದೆ. ಹೆದ್ದಾರಿಯಲ್ಲಿ ಒಂದೇ ಸಮನೆ ಓಡಿದಾಗ ಉಂಟಾಗುವ ಶಾಖದಿಂದ ಈ ಮಸಿ ಸುಟ್ಟುಹೋಗುತ್ತದೆ. ಮನೆಯಿಂದ ಗಿರಣಿಗೆ, ಗಿರಣಿಯಿಂದ ಮಾರುಕಟ್ಟೆ ಪ್ರಾಂಗಣಕ್ಕೆ ಮಾತ್ರ ಓಡುವ ಕಾರಿನಲ್ಲಿ ಅದು ಕಟ್ಟಿಕೊಳ್ಳುತ್ತದೆ. ಫಿಲ್ಟರ್, ಇಂಜೆಕ್ಟರ್, ಟರ್ಬೊಗಳಲ್ಲಿ ಒಂದು ಕೆಟ್ಟರೂ ಹಲವು ವರ್ಷಗಳ ಉಳಿತಾಯ ಒಂದೇ ಬಿಲ್ಲಿನಲ್ಲಿ ಕೊಚ್ಚಿಹೋಗಬಹುದು. ಅಂತಹ ದುರಸ್ತಿಗೆ ಬೆಂಗಳೂರು ಇಲ್ಲವೇ ಹೈದರಾಬಾದಿಗೆ ಕಾರನ್ನು ಸಾಗಿಸಬೇಕಾದರೆ ಆ ವೆಚ್ಚವೂ ಮಾಲೀಕನದೇ.

ಪೆಟ್ರೋಲ್ ಕಾರೂ ನಿರ್ದೋಷಿಯಲ್ಲ. ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್‌ನಿಂದ ಮೈಲೇಜ್ ತುಸು ಕುಗ್ಗುತ್ತದೆ. ಅದಕ್ಕೆಂದು ರೂಪಿಸದ ಹಳೆಯ ಕಾರುಗಳಲ್ಲಿ ರಬ್ಬರ್ ಭಾಗಗಳು ಬೇಗ ಸವೆಯಬಹುದು.

ದೆಹಲಿಯಿಂದ ಬರುವ ಅಗ್ಗದ ಡೀಸೆಲ್ ಕಾರುಗಳ ಬಗೆಗೂ ಎಚ್ಚರ ಅಗತ್ಯ. ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳ ಮೇಲೆ ಹಸಿರು ನ್ಯಾಯಮಂಡಳಿ ಹೇರಿದ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದ ಬಳಿಕ ಅಲ್ಲಿ ಹಳೆಯ ಡೀಸೆಲ್ ಕಾರುಗಳ ಬೆಲೆ ಕುಸಿಯಿತು. ನಿರಾಕ್ಷೇಪಣಾ ಪತ್ರ, ಮರುನೋಂದಣಿ, ಕರ್ನಾಟಕದ ಜೀವಾವಧಿ ತೆರಿಗೆ ಇವೆಲ್ಲವನ್ನೂ ಕೂಡಿದ ಮೇಲಷ್ಟೇ ಆ ಅಗ್ಗತನ ನಿಜವೇ ಎಂಬುದು ತಿಳಿದೀತು.

ಸಾರಾಂಶವಿಷ್ಟೆ: ತಿಂಗಳಲ್ಲಿ ಹಲವು ಬಾರಿ ದೂರದ ನಗರಗಳಿಗೆ ಹೋಗುವ ವರ್ತಕನಿಗೆ, ಸರ್ವಿಸ್ ದಾಖಲೆ ಸ್ಪಷ್ಟವಾಗಿರುವ ಡೀಸೆಲ್ ಕಾರು ಹಿತ. ಸಿಂಧನೂರು-ಮಸ್ಕಿ-ಲಿಂಗಸುಗೂರು ಸುತ್ತಿನಲ್ಲೇ ದಿನ ಕಳೆಯುವವನಿಗೆ ಪೆಟ್ರೋಲ್ ಲೇಸು. ಎರಡರಲ್ಲಿ ಯಾವುದನ್ನೇ ಕೊಂಡರೂ ದುರಸ್ತಿಗೆಂದು ಒಂದಿಷ್ಟು ಹಣ ತೆಗೆದಿರಿಸಬೇಕು. ಇಲ್ಲವಾದಲ್ಲಿ ಮುಂದಿನ ಸುಗ್ಗಿಯಲ್ಲಿ ಭತ್ತ ಖರೀದಿಗೆ ಬೇಕಾದ ದುಡಿಮೆಯ ಬಂಡವಾಳವೇ ಗ್ಯಾರೇಜಿನ ಪಾಲಾದೀತು.