ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಮನೆಯ ಡ್ರಮ್ಮಿನಲ್ಲಿ ಸೊಳ್ಳೆಯ ಮರಿ ಕಂಡರೆ ಪಟ್ಟಣದವನಿಗೆ 400 ರೂಪಾಯಿ ದಂಡ, ಹಳ್ಳಿಯವನಿಗೆ 200. ಅಂಗಡಿ, ಹೋಟೆಲು, ಕಚೇರಿಗಳಾದರೆ ಪಟ್ಟಣದಲ್ಲಿ 1,000, ಹಳ್ಳಿಯಲ್ಲಿ 500. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರದವರು ಡೆಂಗಿ ಜ್ವರವನ್ನು ಸಾಂಕ್ರಾಮಿಕ ರೋಗವೆಂದು ಸಾರಿ ಹೊರಡಿಸಿದ ನಿಯಮವಿದು. ಆ ಹೊತ್ತಿಗೆ ಆ ವರ್ಷದ ರೋಗಿಗಳ ಸಂಖ್ಯೆ 25 ಸಾವಿರ ಮುಟ್ಟಿತ್ತು. ರೋಗ ತಡೆಯಲು ಕಾನೂನು ಬೇಕೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ಡ್ರಮ್ಮು ಬಡವನ ಬಾಗಿಲಿಗೆ ಬಂದದ್ದೇಕೆ ಎಂಬ ಪ್ರಶ್ನೆಯನ್ನು ನಿಯಮ ಬರೆದ ಮಹಾಶಯರು ಕೇಳಿಕೊಂಡಂತೆ ಕಾಣುವುದಿಲ್ಲ.

ನಾವೇ ಹೇಳುತ್ತೇವೆ. 2023ರಲ್ಲಿ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತವೆಂದು ಸರ್ಕಾರವೇ ಘೋಷಿಸಿತು. ಕೆರೆ ಬತ್ತಿತು, ಕೊಳವೆಬಾವಿ ಬತ್ತಿತು. 2024ರ ಬೇಸಿಗೆಯಲ್ಲಿ ಬೆಂಗಳೂರಿನಂಥ ಬೆಂಗಳೂರೇ ಟ್ಯಾಂಕರಿನ ಹಿಂದೆ ಓಡಿತು. ಹುಬ್ಬಳ್ಳಿ-ಧಾರವಾಡ, ಗದಗ-ಬೆಟಗೇರಿಯಂಥ ಊರುಗಳ ಓಣಿಗಳಿಗಂತೂ ವಾರಕ್ಕೊಮ್ಮೆ, ಕೆಲವು ಸಲ ಅದಕ್ಕೂ ತಡವಾಗಿ ನಲ್ಲಿ ಬಂದದ್ದು ಹೊಸ ಸಂಗತಿಯೇನಲ್ಲ. ಹೀಗಿರುವಾಗ ಮನೆಯಾಕೆ ಏನು ಮಾಡಬೇಕು? ಹಂಡೆ, ಕೊಡ, ಬಕೇಟು, ಬಣ್ಣದ ಡಬ್ಬಿ, ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡ ನೀಲಿ ಡ್ರಮ್ಮು, ಹೀಗೆ ಸಿಕ್ಕಿದ್ದರಲ್ಲೆಲ್ಲ ತುಂಬಿಡುತ್ತಾಳೆ. ಬಂಗಲೆಯವರಿಗೆ ನೆಲದಡಿ ತೊಟ್ಟಿಯಿದೆ, ಮಾಳಿಗೆಯ ಮೇಲೆ ಮುಚ್ಚಳದ ಟ್ಯಾಂಕಿದೆ. ತಪಾಸಣೆಗೆ ಬಂದವರ ಕಣ್ಣಿಗೆ ಬೀಳುವುದು ಬಾಗಿಲ ಮುಂದಿನ ಡ್ರಮ್ಮೇ.

ಹಳೆಯ ಮೇಷ್ಟರ ಚಾಳಿ, ಸ್ವಲ್ಪ ಪಾಠ ಹೇಳದೆ ಬಿಡಲಾರೆವು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಚರಂಡಿಯ ಕೊಳಕಿಗಿಂತ ನಾವು ಬಳಸಲು ಹಿಡಿದಿಟ್ಟ ತಿಳಿನೀರೇ ಇಷ್ಟ. ಅದು ಕಚ್ಚುವುದು ಹಗಲಿನಲ್ಲಿ. ಆದ್ದರಿಂದ ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುವ ಮಿಲ್ಲಿನ ಗೆಳೆಯರು ಪರದೆಯೊಳಗೇ ಮಲಗಬೇಕು. ಮೊಟ್ಟೆ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು, ಸೆಕೆ ಹೆಚ್ಚಿದಷ್ಟೂ ಬೇಗ. ಲೆಕ್ಕ ಹಾಕಿ ನೋಡಿರಿ: ನೀರು ಬರುವುದು ಎಂಟು ದಿನಕ್ಕೊಮ್ಮೆ, ಸೊಳ್ಳೆ ಬಲಿಯುವುದೂ ಎಂಟು ದಿನಕ್ಕೆ! ಡ್ರಮ್ಮು ಬರಿದಾದರೂ ಒಳಗೋಡೆಗಂಟಿದ ಮೊಟ್ಟೆ ತಿಂಗಳುಗಟ್ಟಲೆ ಒಣಗಿಯೇ ಬದುಕಿರುತ್ತದೆ. ನೀರು ತಾಗಿದರೆ ಮರಿಯಾಗುತ್ತದೆ. ಆದ್ದರಿಂದ ಚೆಲ್ಲಿದರೆ ಸಾಲದು, ನಾರಿನಿಂದ ತಿಕ್ಕಿ ತೊಳೆಯಬೇಕು, ಮೇಲೆ ಬಟ್ಟೆಯನ್ನಾದರೂ ಬಿಗಿದು ಕಟ್ಟಬೇಕು.

ಮಳೆ ಬಂದರೆ ಸೊಳ್ಳೆ, ಬರ ಬಂದರೆ ಅದೊಂದರ ಕಾಟವಾದರೂ ತಪ್ಪೀತು ಎಂದು ನಾವೂ ತಿಳಿದಿದ್ದೆವು. ಅದು ತಪ್ಪು. ಬ್ರೆಜಿಲ್ ದೇಶದ ಬಗ್ಗೆ 2021ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅತಿವೃಷ್ಟಿಯಾದ ಮೂರು ತಿಂಗಳೊಳಗೂ, ಬರಗಾಲವಾದ ಮೂರರಿಂದ ಐದು ತಿಂಗಳಲ್ಲೂ ಡೆಂಗಿಯ ಅಪಾಯ ಏರುತ್ತದೆ. ಬರದ ಪೆಟ್ಟು ಹೆಚ್ಚು ಬೀಳುವುದು ನಲ್ಲಿ ಪದೇ ಪದೇ ಕೈಕೊಡುವ ಪಟ್ಟಣಗಳಲ್ಲಿ. ಅಂದರೆ ಹವಾಮಾನ ಕೆಟ್ಟಿತೆಂದು ಆಕಾಶವನ್ನು ಮಾತ್ರ ದೂರಿ ಕೂರುವಂತಿಲ್ಲ, ನಡುವೆ ನೀರಿನ ಕೊಳವೆಯೂ ಇದೆ.

ಜ್ವರ ಬಂದ ಮೇಲಿನ ಪಾಡೇನು? ಈ ರೋಗದ ವಿಷಾಣುವನ್ನೇ ಕೊಲ್ಲುವ ಔಷಧಿ ಇಲ್ಲ. ಪ್ಯಾರಾಸಿಟಮಾಲ್, ಗಂಜಿ, ಎಳನೀರು, ವಿಶ್ರಾಂತಿ. ಮೈಕೈ ನೋವೆಂದು ಆಸ್ಪಿರಿನ್, ಐಬುಪ್ರೊಫೇನ್ ನುಂಗಬಾರದು, ರಕ್ತಸ್ರಾವ ಹೆಚ್ಚೀತು. ಜ್ವರ ಇಳಿದ ಮೇಲೂ ಹೊಟ್ಟೆನೋವು, ವಾಂತಿ, ವಸಡಿನಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಖಾಸಗಿ ಪ್ರಯೋಗಾಲಯಗಳ ಪರೀಕ್ಷೆಗೆ 2024ರ ಜುಲೈನಲ್ಲಿ ಸರ್ಕಾರ ದರ ಕಟ್ಟಿತು. ಒಳ್ಳೆಯ ಕೆಲಸ, ಒಪ್ಪೋಣ. ಆದರೆ ಈ ಪಟ್ಟಿಯಲ್ಲಿ ಬಡವನಿಗೆ ಎಲ್ಲಕ್ಕಿಂತ ದುಬಾರಿ ಔಷಧಿ ವಿಶ್ರಾಂತಿಯೇ. ಇ.ಎಸ್.ಐ. ಇರುವ ಕಾರ್ಮಿಕನಿಗೆ ಕಾಯಿಲೆಯ ರಜೆಯಲ್ಲಿ ಕೂಲಿಯ ನೂರಕ್ಕೆ 70 ಭಾಗ ಸಿಗುತ್ತದೆ. ಗುತ್ತಿಗೆದಾರನು ಹೆಸರನ್ನೇ ಪಟ್ಟಿಗೆ ಹತ್ತಿಸದಿದ್ದವನಿಗೆ ಏನು ಸಿಗುತ್ತದೆ? ಚಿಲ್ಲರೆ ಅಂಗಡಿಯವನ ಗತಿಯೂ ಅಷ್ಟೆ. ಹತ್ತು ದಿನ ಅಂಗಡಿ ಬಾಗಿಲು ಮುಚ್ಚಿದರೆ ಸಾಲದ ಬಡ್ಡಿಯೇನೂ ಬಾಗಿಲು ಮುಚ್ಚುವುದಿಲ್ಲ.

ಆ ದಂಡದ ಪಟ್ಟಿಯಲ್ಲಿ ಮನೆಯವರಿದ್ದಾರೆ, ಅಂಗಡಿಯವರಿದ್ದಾರೆ, ಖಾಲಿ ನಿವೇಶನದವರೂ ಇದ್ದಾರೆ. ವಾರಗಟ್ಟಲೆ ನೀರು ಬಿಡದವರಿಗೆ ಎಷ್ಟು ದಂಡ ಎಂಬುದು ಮಾತ್ರ ಇಲ್ಲ. ಮೂರು ದಿನಕ್ಕೊಮ್ಮೆಯಾದರೂ ನೀರು ಬರಲಿ. ಅಲ್ಲಿಯವರೆಗೆ ಓಣಿ ಓಣಿಗೆ ಡ್ರಮ್ಮಿನ ಮುಚ್ಚಳವನ್ನು ಪುರಸಭೆಯವರೇ ಹಂಚಲಿ. ನಮ್ಮ ಓದುಗರು ನೀರು ಬಂದ ದಿನವನ್ನೆಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿರಿ. ದಂಡದ ಚೀಟಿ ಬಂದರೆ ಚೀಟಿಯನ್ನೂ ಕ್ಯಾಲೆಂಡರನ್ನೂ ಹಿಡಿದು ಕಚೇರಿಗೆ ಬನ್ನಿರಿ, ಕೂಡಿಯೇ ಹೋಗಿ ಕೇಳೋಣ.