ಬೆಳಕು ಕೊಟ್ಟವರ ದಾರಿ



ಬಂಗಾರಪೇಟೆಯ ನಮಗೆ ಹೊಳೆ ದಾಟುವ ಕಷ್ಟ ಗೊತ್ತಿಲ್ಲ. ನಮ್ಮದು ಬೋರ್‌ವೆಲ್ ನಂಬಿದ ಬದುಕು. ಆದರೂ ಹೊಳೆಯ ಋಣ ನಮ್ಮ ಮೇಲಿದೆ. 1902ರಲ್ಲಿ ಶಿವನಸಮುದ್ರದಿಂದ ಕಾವೇರಿಯ ವಿದ್ಯುತ್ತು ಬಂದದ್ದು ಕೆ.ಜಿ.ಎಫ್. ಗಣಿಗಳಿಗೆ. ಮುಂದೆ ಶರಾವತಿಯೂ ನಾಡಿಗೆ ಬೆಳಕು ಕೊಟ್ಟಿತು.

ಅದಕ್ಕೆ ಬೆಲೆ ತೆತ್ತವರಲ್ಲಿ ಸಾಗರ ತಾಲೂಕಿನ ತುಮರಿ ಕಡೆಯವರೂ ಇದ್ದಾರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಹಿನ್ನೀರಿನಲ್ಲಿ ಅವರ ದಾರಿ ಮುಳುಗಿತು. ಆಮೇಲೆ ಲಾಂಚೇ ಗತಿ. ಸಂಜೆಯ ಕೊನೆಯ ಲಾಂಚು ಹೋದ ಮೇಲೆ ಹೆರಿಗೆ ನೋವು ಬಂದರೆ? ಕಾಡುದಾರಿಯಲ್ಲಿ ಸುತ್ತಿ ಬಳಸಿ ಆಸ್ಪತ್ರೆ ಸೇರಬೇಕು. ಬೇಸಿಗೆಯಲ್ಲಿ ನೀರಿಳಿದರೆ ಲಾಂಚಿಗೆ ವಾಹನ ಹತ್ತಿಸುವುದೂ ನಿಲ್ಲುತ್ತಿತ್ತು. ನಾವು ಮಾತ್ರ ಸ್ವಿಚ್ಚು ಒತ್ತುತ್ತಲೇ ಇದ್ದೆವು.

2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಸುಮಾರು 2.4 ಕಿ.ಮೀ. ಉದ್ದ. ನಮ್ಮ ಮಸೀದಿಯ ಕಮಾನು ಭಾರವನ್ನು ಎರಡೂ ಬದಿಗೆ ಇಳಿಸುತ್ತದಲ್ಲ, ಇದು ಹಾಗಲ್ಲ. ನಡುಭಾಗದಲ್ಲಿ ಎತ್ತರದ ಕಂಬಗಳಿಂದ ಇಳಿಬಿಟ್ಟ ಉಕ್ಕಿನ ಕೇಬಲ್‌ಗಳು ರಸ್ತೆಯನ್ನು ಎತ್ತಿ ಹಿಡಿದಿವೆ. ಹಾಗಾಗಿ ಆಳದ ನೀರಿನಲ್ಲಿ ಕಂಬಗಳು ಕಡಿಮೆ ಸಾಕು.

ದಾರಿಯ ತೊಡಕು ನಿವಾರಿಸುವುದೂ ಈಮಾನಿನ ಭಾಗವೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಈ ಒಂದು ತೊಡಕು ತೆಗೆಯಲು 61 ವರ್ಷ ಹಿಡಿಯಿತು. ಮುಳುಗಡೆಯ ಕಾಲಕ್ಕೆ ತೊಟ್ಟಿಲಲ್ಲಿದ್ದ ಹೆಣ್ಣುಮಕ್ಕಳು ಸೇತುವೆ ಬರುವ ಹೊತ್ತಿಗೆ ಅಜ್ಜಿಯರಾಗಿದ್ದರು.